ಮೊದಲು ರೂಟ್, ಆಮೇಲೆ ರೀಸ್ಟಾರ್ಟ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ದಿನಾ ದೂರುತ್ತಾಳೆ. ದೂರುವುದು ನನ್ನ ಹತ್ತಿರವೇ, ಆದರೆ ಅದು ಅವಳಿಗೆ ಗೊತ್ತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ತಾನು ಫೋನಿನಲ್ಲಿ ಮಾತಾಡುವುದು ಉಡುಪಿಯ ತಂಗಿ ಕರುಣಾಳ ಜೊತೆ ಎಂದುಕೊಂಡಿದ್ದಾಳೆ. ಕರುಣಾ ಚಿಕ್ಕಮ್ಮ ತೀರಿಕೊಂಡು ಒಂದೂವರೆ ವರ್ಷವಾಯಿತು. ಈ ಕಡೆಯಿಂದ "ಹಲೋ ಅಕ್ಕ" ಅನ್ನುವವಳು ನಾನು, ಅವಳ ಮಗಳು ಜೋಯ್ಸ್.

ಛೀ, ಹೆತ್ತ ತಾಯಿಗೇ ಮೋಸವೇ ಎಂದು ಬಾಯಿಗೆ ಬರುವ ಮೊದಲು ಇಷ್ಟು ಕೇಳಿಬಿಡಿ. ಅಮ್ಮನಿಗೆ ಮರೆವಿನ ಕಾಯಿಲೆ. ಚಿಕ್ಕಮ್ಮ ಹೋದ ಸುದ್ದಿಯನ್ನು ನಾವು ಅವಳಿಗೆ ಮೂರು ಸಲ ಹೇಳಿದೆವು. ಮೂರು ಸಲವೂ ಅವಳಿಗೆ ಅದು ಹೊಸ ಸುದ್ದಿ. ಎದೆ ಬಡಿದುಕೊಂಡು ಅತ್ತಳು, ಮರುದಿನ ಎಲ್ಲ ಮರೆತು ಮತ್ತೆ ತಂಗಿಗೆ ಫೋನ್ ಹಚ್ಚಲು ಕೂತಳು. ಮೂರನೆಯ ಸಲ ನಮ್ಮ ಕಣ್ಣು ತಪ್ಪಿಸಿ ಹವಾಯಿ ಚಪ್ಪಲಿಯಲ್ಲಿ ಹೊರಗೆ ಹೋಗಿ, ಅಮೆರಿಕದ ಈ ಬಾಥೆಲ್ ಊರಿನ ನಮ್ಮ ಬೀದಿಯ ತುದಿಯಲ್ಲಿ ಅಂಚೆಯವಳನ್ನು ನಿಲ್ಲಿಸಿ, ತಂಗಿಯ ಮಣ್ಣಿಗೆ ಹೋಗಬೇಕು, ಉಡುಪಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲಿ ಕೇಳಿದಳಂತೆ. ವಾಪಸು ಬರುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಇನ್ನು ಮೇಲೆ ಹೇಳಬೇಡಿ, ಪ್ರತಿ ಸಲವೂ ಅವರಿಗೆ ಅದು ಮೊದಲ ಸಲವೇ ಎಂದರು ಡಾಕ್ಟರು. ಆವತ್ತೇ ಅಮೃತ್ ಅಮ್ಮನ ಫೋನನ್ನು ಕೈಗೆ ತೆಗೆದುಕೊಂಡ.

ಅಮೃತ್ ನನ್ನ ಗಂಡ. ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಕಾಂಟ್ಯಾಕ್ಟ್ಸ್‌ನಲ್ಲಿ ಚಿಕ್ಕಮ್ಮನ ನಂಬರಿದ್ದ ಜಾಗದಲ್ಲಿ ನನ್ನ ನಂಬರ್ ಹಾಕಿದರೆ ಮುಗಿಯಿತಲ್ಲ ಎಂದೆ ನಾನು. ಆದರೆ ಅಮ್ಮ ಕಾಂಟ್ಯಾಕ್ಟ್ಸ್ ನೋಡುವವಳೇ ಅಲ್ಲ. ಅಪ್ಪ ಹೋದ ಮೇಲೆ ಇಲ್ಲಿಗೆ ಬಂದು ಹನ್ನೊಂದು ವರ್ಷ, ಅಷ್ಟೂ ದಿನ ಸೊನ್ನೆ ಒಂದು ಒಂದರಿಂದ ಶುರುಮಾಡಿ ಹದಿನೈದು ಅಂಕಿಗಳನ್ನೂ ಒಂದೊಂದಾಗಿ ತೋರುಬೆರಳಲ್ಲಿ ಒತ್ತಿದವಳು. ಕೆಲವು ದಿನ ಅವಳಿಗೆ ನನ್ನ ಹೆಸರು ನೆನಪಾಗುವುದಿಲ್ಲ, ಆ ಹದಿನೈದು ಅಂಕಿ ಮಾತ್ರ ಒಂದು ದಿನವೂ ತಪ್ಪಿಲ್ಲ.

ಹಾಗಾಗಿ ಅಮೃತ್ ಆ ಆಂಡ್ರಾಯ್ಡ್ ಫೋನನ್ನು ರೂಟ್ ಮಾಡಿದ. ಎಂದರೆ ಫೋನಿನ ಒಳಗಿನ ಯಜಮಾನಿಕೆಯನ್ನು ಕಂಪನಿಯ ಕೈಯಿಂದ ತನ್ನ ಕೈಗೆ ತೆಗೆದುಕೊಂಡ. ಆಮೇಲೆ ತಾನೇ ಬರೆದ ಒಂದು ಸಣ್ಣ ಪ್ರೋಗ್ರಾಂ ಒಳಗೆ ಕೂರಿಸಿದ. ಆ ಹದಿನೈದು ಅಂಕಿ ಒತ್ತಿದರೆ ಪರದೆಯ ಮೇಲೆ ಅದೇ ನಂಬರ್ ಕಾಣುತ್ತದೆ, ರಿಂಗಾಗುವುದು ಮಾತ್ರ ನನ್ನ ಫೋನು.

ಇದಕ್ಕೆ ಒಂದೇ ಶತ್ರು, ತಿಂಗಳಿಗೊಮ್ಮೆ ಬರುವ ಸಿಸ್ಟಂ ಅಪ್‌ಡೇಟ್. ಬಂದರೆ ರೂಟ್ ಹೋಗುತ್ತದೆ, ರೂಟ್ ಹೋದರೆ ಪ್ರೋಗ್ರಾಮೂ ಹೋಗುತ್ತದೆ. ಅಪ್‌ಡೇಟೇ ಮಾಡದೆ ಬಿಡೋಣ ಎಂದರೆ ಅಮೃತ್ ಒಪ್ಪುವುದಿಲ್ಲ. ಅಮ್ಮ ಬಂದ ಲಿಂಕನ್ನೆಲ್ಲ ಒತ್ತುವವಳು, ಹಳೆಯ ಸಿಸ್ಟಂ ಅವಳ ಕೈಯಲ್ಲಿ ಅಪಾಯ ಎನ್ನುತ್ತಾನೆ. ಆ ಫೋನಿನೊಳಗೆ ಎರಡು ಕೋಣೆ ಇದೆಯಂತೆ. ಒಂದರಲ್ಲಿ ನಾವು ವಾಸ, ಅಪ್‌ಡೇಟ್ ಸದ್ದಿಲ್ಲದೆ ಇನ್ನೊಂದನ್ನು ಸಿದ್ಧ ಮಾಡುತ್ತದೆ, ರೀಸ್ಟಾರ್ಟ್ ಒತ್ತಿದ ಕೂಡಲೇ ಫೋನು ಹೊಸ ಕೋಣೆಗೆ ದಾಟುತ್ತದೆ. ದಾಟುವ ಮೊದಲೇ ರೂಟನ್ನು ಆ ಖಾಲಿ ಕೋಣೆಯಲ್ಲಿ ಇಟ್ಟಿರಬೇಕು. ಅಷ್ಟೇ ಗುಟ್ಟು. ಪ್ರತಿ ತಿಂಗಳೂ ಅಮೃತ್ ಅದನ್ನು ಪೂಜೆಯ ಹಾಗೆ ಮಾಡುತ್ತಿದ್ದ, ಆ ಹೊತ್ತಿನಲ್ಲಿ ಅವನನ್ನು ಯಾರೂ ಮಾತಾಡಿಸಬಾರದು.

ಅವನದು ತಿಂಗಳಿಗೊಂದು ದಿನದ ಕೆಲಸ. ನನ್ನದು ದಿನದಿನದ್ದು. ಮನೆಯಿಂದ ಹತ್ತು ನಿಮಿಷದ ದೂರದ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ನನ್ನ ನೌಕರಿ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕೋಟು ತೆಗೆದಿಟ್ಟು ಪಾರ್ಕಿಂಗ್ ಲಾಟಿಗೆ ಹೋಗಿ ಕಾರಿನಲ್ಲಿ ಕೂರುತ್ತೇನೆ. "ಯಾರ್ ಮೇಡಂ ಅದು, ದಿನಾ ಕಾರಲ್ಲಿ ಸೀಕ್ರೆಟ್ ಮೀಟಿಂಗು?" ಎಂದು ಪಕ್ಕದ ಟೇಬಲಿನ ಶರತ್ ಕಾಲೆಳೆಯುತ್ತಾನೆ. ಹೇಳಿದರೆ ನಗುತ್ತಾನೋ ಅಳುತ್ತಾನೋ ತಿಳಿಯದು, ಹಾಗಾಗಿ ಹೇಳಿಲ್ಲ. ಚಿಕ್ಕಮ್ಮನ ಗಂಟಲೇ ನನಗೆ ಬಂದಿದೆ ಎಂದು ಚಿಕ್ಕಂದಿನಿಂದ ಎಲ್ಲರೂ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಓದಿದ ನನ್ನ 'ಮಾಡ್ತೀನಿ ಬರ್ತೀನಿ'ಯನ್ನು ಬದಿಗಿಟ್ಟು 'ಎಂತ ಮಾರಾಯ್ತಿ' ಶುರುಮಾಡಿದರೆ ಸಾಕು, ಅಮ್ಮನಿಗೆ ಆ ಕಡೆ ತಂಗಿ ಕೂತಂತೆಯೇ.

ಅಕ್ಟೋಬರಿನಲ್ಲಿ ಅಮೃತ್ ನಾಲ್ಕು ದಿನದ ಕೆಲಸಕ್ಕೆ ಆಸ್ಟಿನ್‌ಗೆ ಹೋಗಬೇಕಾಯಿತು. ಅಪ್‌ಡೇಟ್ ಅವನು ಹೊರಡುವ ಭಾನುವಾರವೇ ಇಳಿಯುತ್ತಿತ್ತು. ಹೊರಡುವ ಮುಂಚೆ ಹಳದಿ ಚೀಟಿಯೊಂದರಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ: ಮೊದಲು ರೂಟ್, ಆಮೇಲೆ ರೀಸ್ಟಾರ್ಟ್.

"ಡೌನ್‌ಲೋಡ್ ಮುಗಿದ ತಕ್ಷಣ ರೀಸ್ಟಾರ್ಟ್ ಮಾಡು ಅಂತ ಕೇಳುತ್ತೆ. ಒತ್ತಬೇಡ" ಎಂದ. "ಮೊದಲು ಈ ಆ್ಯಪ್ ತೆಗಿ, ಇನಾಕ್ಟಿವ್ ಸ್ಲಾಟ್‌ಗೆ, ಅಂದ್ರೆ ಆ ಖಾಲಿ ಕೋಣೆಗೆ, ಇನ್‌ಸ್ಟಾಲ್ ಅಂತ ಕೊಡು. ಅದು ಆದ್ಮೇಲೆ ಮಾತ್ರ ರೀಸ್ಟಾರ್ಟ್. ಕೇಳಿಸ್ತಾ ಜೋಯ್ಸ್?"

"ನಾನೇನು ಚಿಕ್ಕ ಮಗುನಾ? ಫ್ಲೈಟ್ ಮಿಸ್ ಆಗುತ್ತೆ, ಹೊರಡು" ಎಂದೆ.

ಆ ಬೆಳಿಗ್ಗೆ ಒಂಬತ್ತರ ಕರೆಯನ್ನು ನಾನು ಗರಾಜಿನಲ್ಲಿ, ನಿಂತ ಕಾರಿನೊಳಗೆ ಕೂತು ತೆಗೆದುಕೊಂಡಿದ್ದೆ. ರಜೆಯ ದಿನಗಳಲ್ಲಿ ನನಗೆ ಅದೇ ಆಫೀಸು. ಗೋಡೆಯ ಆಚೆ ಅಡುಗೆಮನೆಯಲ್ಲಿ ಅಮ್ಮ. ನಮಗೆ ಬೆಳಿಗ್ಗೆ ಒಂಬತ್ತಾದರೆ ಉಡುಪಿಯಲ್ಲಿ ರಾತ್ರಿ ಒಂಬತ್ತೂವರೆ.

"ಊಟ ಆಯ್ತಾ ಕರುಣಾ?"

"ಆಯ್ತು ಅಕ್ಕ. ಗಂಜಿ, ಒಣಮೀನಿನ ಚಟ್ನಿ. ನಿನ್ನದೆಂತ ಸುದ್ದಿ?"

"ನನ್ನದೆಂತ ಉಂಟು ಮಾರಾಯ್ತಿ. ಜೋಯ್ಸ್ ಇವತ್ತು ಬೆಳಿಗ್ಗೆಯೇ ಬೈದ್ಳು. ಹಲ್ಲುಸೆಟ್ಟು ಎಲ್ಲಿಟ್ಟೆ, ಎಷ್ಟು ಸಲ ಹೇಳ್ಬೇಕು ಅಂತ. ಅವಳಿಗೆ ನಾನು ಭಾರ ಆಗಿದ್ದೇನೆ, ನನಗೆ ಗೊತ್ತಾಗುದಿಲ್ವಾ? ನಿನ್ನ ಹಾಗೆ ನಾಲ್ಕು ಮಾತು ಮೆತ್ತಗೆ ಆಡ್ಲಿಕ್ಕೆ ಅವಳಿಗೆ ಬರುದೇ ಇಲ್ಲ ನೋಡು. ನಿನ್ನಂಥ ಮಗಳು ನನಗೆ ಸಿಗ್ಲಿಲ್ಲ."

ಬೈದದ್ದು ನಿಜ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಸ್ನಾನ ಮಾಡಿಸುವವಳು ನಾನು, ಗುಳಿಗೆ ನುಂಗಿಸುವವಳು ನಾನು, ಆ ಮೆತ್ತಗಿನ ನಾಲ್ಕು ಮಾತು ಆಡುವವಳೂ ನಾನೇ! ಹೆಸರು ಮಾತ್ರ ಸತ್ತವಳದ್ದು. ಸತ್ತ ಚಿಕ್ಕಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಮಧ್ಯಾಹ್ನ ಅಮ್ಮ ಮಲಗಿದ್ದಾಗ ಫೋನಿನ ಪರದೆಯಲ್ಲಿ ರೀಸ್ಟಾರ್ಟ್ ಬಂತು. ಫ್ರಿಜ್ಜಿನ ಮೇಲಿನ ಚೀಟಿ ನನ್ನ ಎದುರಿಗೇ ಇತ್ತು. ಓದಿದೆ. ಮರೆತು ಒತ್ತಿದೆ ಎಂದು ಸುಳ್ಳು ಹೇಳುವುದಿಲ್ಲ. ಚಿಕ್ಕಮ್ಮನ ನಂಬರ್ ಸತ್ತುಹೋಗಿರುತ್ತದೆ, ನಾಲ್ಕು ದಿನ ರಿಂಗಾಗದೆ ಇದ್ದರೆ ಅಮ್ಮನೇ ಸುಮ್ಮನಾಗುತ್ತಾಳೆ, ಆಮೇಲೆ ಮಾತಾಡಬೇಕೆಂದರೆ ನನ್ನ ಜೊತೆಯೇ ಮಾತಾಡಲಿ, ನಾನು ಎಂದು ಗೊತ್ತಿದ್ದೇ ಮಾತಾಡಲಿ ಎಂದುಕೊಂಡು ಒತ್ತಿದೆ. ಫೋನು ಕಪ್ಪಾಗಿ ಮತ್ತೆ ಬೆಳಗಿತು. ಸಂಜೆ ಅಮೃತ್ ಕೇಳಿದಾಗ "ಆಯ್ತು" ಎಂದಷ್ಟೇ ಹೇಳಿದೆ.

ಸೋಮವಾರ ಒಂಬತ್ತಕ್ಕೆ ಅಭ್ಯಾಸದಿಂದ ಕಾರಿನಲ್ಲಿ ಹೋಗಿ ಕೂತೆ. ಫೋನು ಬಡಿದುಕೊಳ್ಳಲಿಲ್ಲ. ಒಂಬತ್ತು ಐದು, ಒಂಬತ್ತು ಹತ್ತು. ಮೊದಲಿಗೆ ಹಾಯೆನಿಸಿತು. ಆಮೇಲೆ ಆ ಹದಿನೈದು ಅಂಕಿ ಈಗ ಎಲ್ಲಿ ಹೋಗಿ ಮುಟ್ಟಿರಬಹುದು ಎಂಬ ಯೋಚನೆ ಬಂತು. ಒಂಬತ್ತು ಇಪ್ಪತ್ತಕ್ಕೆ ಫಿಲೋಮಿನಾ ಬಾಯಿ ಕರೆ ಮಾಡಿದರು. ಹಿಂದಿನ ಬೀದಿಯ ಮಂಗಳೂರಿನ ಹೆಂಗಸು, ಬೆಳಗಿನ ಹೊತ್ತು ಅಮ್ಮನ ಜೊತೆ ಕೂರಲು ಬರುತ್ತಾರೆ, ಫೋನಿನ ಗುಟ್ಟೂ ಅವರಿಗೆ ಗೊತ್ತು.

"ಜೋಯ್ಸ್, ನೀನು ಬೇಗ ಬಾ. ಅಮ್ಮನಿಗೆ ಗೊತ್ತಾಯ್ತು" ಎಂದರು.

ಲ್ಯಾಬಿಗೆ ಒಂದು ಮಾತೂ ಹೇಳದೆ ಹಾಗೇ ಕಾರು ತೆಗೆದೆ. ಮನೆಗೆ ಬಂದಾಗ ಫಿಲೋಮಿನಾ ಬಾಯಿ ಬಾಗಿಲಲ್ಲೇ ನಿಂತಿದ್ದರು. ಅಮ್ಮ ಯಾವಾಗಲೂ ಸ್ಪೀಕರ್ ಹಾಕಿ ಮಾತಾಡುವುದರಿಂದ ಅವರಿಗೆ ಎಲ್ಲವೂ ಕೇಳಿಸಿತ್ತು. "ಯಾರೋ ಒಂದು ಹೆಂಗಸು ತೆಗೆದದ್ದು. ಪಾಪ, ಅವಳದ್ದು ತಪ್ಪಿಲ್ಲ. ಇದು ನನಗೆ ಹೊಸದಾಗಿ ಸಿಕ್ಕಿದ ನಂಬರ್, ಮೊದ್ಲು ಇದ್ದವರನ್ನು ಕೇಳಿ ತುಂಬ ಫೋನ್ ಬರ್ತಿತ್ತು, ಅವರು ತೀರಿಹೋಗಿದ್ದಾರಂತೆ ಅಂತ ಹೇಳಿದ್ಳು. ನಾನು ಫೋನು ಕಿತ್ಕೊಳ್ಳುವಷ್ಟರಲ್ಲಿ ಆಗಿಹೋಯ್ತು."

ಅಮ್ಮ ಊಟದ ಮೇಜಿನ ಹತ್ತಿರ ಕೂತಿದ್ದಳು. ಈ ಸಲ ಎದೆ ಬಡಿದುಕೊಂಡಿರಲಿಲ್ಲ. ಕಣ್ಣೀರು ಗಲ್ಲದಿಂದ ಇಳಿದು ಕುತ್ತಿಗೆ ಒದ್ದೆಯಾಗಿತ್ತು, ಒರೆಸಿಕೊಂಡೂ ಇರಲಿಲ್ಲ. ನಾನು ನೆಲದ ಮೇಲೆ ಮೊಣಕಾಲೂರಿ ಕೂತು ಅವಳ ಕೈ ಹಿಡಿದೆ. ಫಿಲೋಮಿನಾ ಬಾಯಿ ನೀರು ತರಲು ಒಳಗೆ ಹೋದರು.

ಅಮ್ಮ ನನ್ನ ಮುಖವನ್ನೇ ನೋಡಿದಳು. ನಾನು ಯಾರೆಂದು ಅವಳಿಗೆ ತಿಳಿಯಲಿಲ್ಲ. ನನ್ನ ಎರಡೂ ಕೈಗಳನ್ನು ಒತ್ತಿ ಹಿಡಿದು ದನಿ ತಗ್ಗಿಸಿದಳು.

"ಫಿಲೋಮಿನಾ ಬಾಯಿ, ನಿಮಗೆ ಕೈ ಮುಗೀತೇನೆ. ಜೋಯ್ಸ್‌ಗೆ ಇದನ್ನು ಹೇಳ್ಬೇಡಿ."

ನಾನು ತಲೆಯಾಡಿಸಿದೆ.

"ಅವಳಿಗೆ ಚಿಕ್ಕಮ್ಮ ಅಂದ್ರೆ ಜೀವ. ನಾನು ಶಾಲೆಯ ಕೆಲಸಕ್ಕೆ ಹೋಗುವಾಗ ಕರುಣಾನೇ ಅವಳನ್ನು ಎತ್ತಿ ಆಡಿಸಿದ್ದು. ಬಾಯಿ ಜೋರು ಅಷ್ಟೇ, ಒಳಗೆ ಅವಳು ತುಂಬ ಮೆತ್ತಗೆ. ಈಗಲೇ ಆಫೀಸು, ಮನೆ, ನನ್ನ ಚಾಕರಿ ಅಂತ ಸೋತುಹೋಗಿದ್ದಾಳೆ. ಇದನ್ನೂ ಹೇಳಿದ್ರೆ ಅವಳಿಗೆ ತಡ್ಕೊಳ್ಳಿಕ್ಕಾಗುದಿಲ್ಲ. ನನ್ನ ಹತ್ತಿರವೇ ಇರ್ಲಿ ಇದು."

ಚಿಕ್ಕಮ್ಮ ತೀರಿಕೊಂಡ ದಿನ ನಾನು ಅತ್ತಿರಲಿಲ್ಲ. ಅಮ್ಮನಿಗೆ ಹೇಗೆ ಹೇಳುವುದು ಎನ್ನುವುದರಲ್ಲೇ ಆ ದಿನ ಕಳೆಯಿತು, ಆಮೇಲೆ ಅವಳನ್ನು ಸಂಭಾಳಿಸುವುದರಲ್ಲಿ ವಾರ ಕಳೆಯಿತು, ಆಮೇಲೆ ನಾನೇ ಚಿಕ್ಕಮ್ಮನಾಗಿ ಕೂತೆ. ಅಳಲಿಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ. ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಅಂದು ಅತ್ತೆ, ದೊಡ್ಡ ದನಿಯಲ್ಲಿ, ಲಜ್ಜೆಬಿಟ್ಟು ಅತ್ತೆ. ಅಮ್ಮ ನನ್ನ ತಲೆ ಸವರುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ "ಜೋಯ್ಸಾ? ಎಂತ ಆಯ್ತು ಮಗಾ?" ಎಂದಳು. "ಏನಿಲ್ಲಮ್ಮ" ಎಂದೆ. ಅವಳೂ ಏನೂ ಹೇಳಲಿಲ್ಲ. ಮುಚ್ಚಿಟ್ಟಳೋ, ಅಷ್ಟರಲ್ಲೇ ಮರೆತಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಜೆ ಆರಕ್ಕೆ ಅಮೃತ್‌ಗೆ ವಿಡಿಯೋ ಕಾಲ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಗೊತ್ತಿದ್ದೂ ಒತ್ತಿದ್ಯಾ?"

"ಗೊತ್ತಿದ್ದೂ ಒತ್ತಿದೆ."

"ಕಷ್ಟ ಆಗ್ತಿದೆ ಅಂತ ಒಂದು ಮಾತು ಹೇಳಿದ್ರೆ ನಾನೇ ತೆಗೆದು ಬಿಸಾಕ್ತಿದ್ದೆ ಕಣೆ. ಈಗ್ಲೂ ಅಷ್ಟೇ, ಬೇಡ ಅಂದ್ರೆ ಹಾಕೋದು ಬೇಡ" ಎಂದ.

"ಇಲ್ಲ, ಹಾಕೋಣ. ಹೇಳ್ಕೊಡು, ನಾನೇ ಹಾಕ್ತೀನಿ."

ಫೋನು ಹೊಸ ಕೋಣೆಗೆ ದಾಟಿಹೋದ ಮೇಲೆ ರೂಟ್ ಹಾಕುವುದು ಉದ್ದದ ದಾರಿ. ಹೊಸ ಸಿಸ್ಟಮ್ಮಿಗೆ ಬೇಕಾದ ಫೈಲನ್ನು ಅಮೃತ್ ಅಲ್ಲೇ ತಿದ್ದಿ ಕಳಿಸಿದ. ಅಮ್ಮನ ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದು, ಲ್ಯಾಪ್‌ಟಾಪಿನ ಪರದೆಯಲ್ಲಿ ತೆರೆದ ಕಪ್ಪು ಕಿಟಕಿಯಲ್ಲಿ ಅವನು ಹೇಳಿದ್ದನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದೆ. ಲಾಕ್ ಎಂಬ ಪದ ಮಾತ್ರ ಎಲ್ಲೂ ಬರೆಯಬೇಡ, ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಅವನು ಎರಡೆರಡು ಸಲ ಹೇಳಿದ. ಎರಡು ಸಲ ಎರರ್ ಬಂತು, ಮೂರನೆಯ ಸಲ ಹಿಡಿಯಿತು. ಕೊನೆಗೆ ಆ ಹದಿನೈದು ಅಂಕಿಯನ್ನು ಒಂದೊಂದಾಗಿ ನಾನೇ ಒತ್ತಿ ನೋಡಿದೆ. ಮೇಜಿನ ಮೇಲೆ ನನ್ನ ಫೋನು ಬಡಿದುಕೊಂಡಿತು.

ಮಂಗಳವಾರ ಒಂಬತ್ತಕ್ಕೆ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ಹಾಕಿಕೊಂಡು ಕಾದೆ. ಕರೆ ಬಂತು.

"ಹಲೋ ಅಕ್ಕ."

"ಊಟ ಆಯ್ತಾ ಕರುಣಾ?" ಎಂದಳು ಅಮ್ಮ, ಏನೂ ಆಗದವಳ ಹಾಗೆ.

"ಆಯ್ತು ಅಕ್ಕ. ನೀನು ಹೇಗಿದ್ದಿ?"

"ನನಗೆಂತ ಆಗಿದೆ, ಗುಂಡುಕಲ್ಲಿನ ಹಾಗಿದ್ದೇನೆ. ನನ್ನ ಸುದ್ದಿ ಬಿಡು. ನಿನ್ನೆ ಜೋಯ್ಸ್ ತುಂಬ ಅತ್ಳು ಮಾರಾಯ್ತಿ. ಯಾಕೆ ಅಂತ ನನಗೆ ನೆನಪಿಗೆ ಬರುದಿಲ್ಲ. ಎಂತದೋ ದೊಡ್ಡ ದುಃಖ ಅವಳಿಗೆ. ನನ್ನ ಹತ್ತಿರ ಹೇಳುದಿಲ್ಲ. ನಿನ್ನ ಹತ್ತಿರ ಆದ್ರೆ ಹೇಳ್ತಾಳೆ, ಚಿಕ್ಕಂದಿನಿಂದ ಹಾಗೇ ಅಲ್ವಾ ಅವಳು. ಒಂದು ಸಲ ನೀನೇ ಫೋನ್ ಮಾಡಿ ಅವಳ ಜೊತೆ ಮಾತಾಡ್ತೀಯಾ?"

ಫೋನನ್ನು ಬಾಯಿಂದ ದೂರ ಹಿಡಿದು ಉಸಿರು ಸರಿಮಾಡಿಕೊಂಡೆ.

"ಮಾತಾಡ್ತೇನೆ ಅಕ್ಕ" ಎಂದೆ.