ರಾಯಚೂರಿನ ಕಾರಿಗೆ ಹೀಟರ್

ರಾಯಚೂರಿನ ಗ್ಯಾರೇಜಿನ ದುರುಗೇಶ ಒಂದು ಮಾತು ಹೇಳಿದನೆಂದರೆ ಕಾರಿನವರಿಗೆಲ್ಲ ಅದು ಕಲ್ಲಿನ ಮೇಲಿನ ಗೆರೆ. ಇಪ್ಪತ್ತು ವರ್ಷದ ಹೆಸರು. ಆ ಹೆಸರೇ ಒಬ್ಬನ ಅನ್ನಕ್ಕೆ ಕಲ್ಲು ಹಾಕಿತು.

ಮೂರು ತಿಂಗಳ ಹಿಂದೆ ಮಾನ್ವಿಯ ಅಕ್ಕಿ ಗಿರಣಿಯ ಬಸವಲಿಂಗಪ್ಪ ಸಾಹುಕಾರರ ಕಾರು ಬಂದಿತ್ತು. ಎರಡು ದಿನಕ್ಕೊಮ್ಮೆ ಎಂಜಿನ್ ತಣ್ಣಗಿಡುವ ಕೂಲಂಟ್ ನೀರು ಕಡಿಮೆಯಾಗಿ ಎಂಜಿನ್ ಕಾಯುತ್ತಿತ್ತು. ದುರುಗೇಶ ರೇಡಿಯೇಟರ್, ಪೈಪು, ವಾಟರ್ ಪಂಪು ಎಲ್ಲ ತಡವಿ ನೋಡಿದ. ಕೆಳಗೆ ಹಾಸಿದ ರಟ್ಟಿನ ಮೇಲೆ ಒಂದು ಹನಿಯಿಲ್ಲ. ಆಯಿಲಿನಲ್ಲಿ ನೀರು ಬೆರೆತಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯಿಲ್ಲ. ಗಾಳಿ ಪಂಪು ಹಚ್ಚಿ ಒತ್ತಡ ಕೊಟ್ಟಾಗ ಮೀಟರಿನ ಮುಳ್ಳು ಕೊಂಚ ಇಳಿದದ್ದು ನಿಜ, ಎಲ್ಲೋ ಸೋರಿದರಷ್ಟೇ ಅದು ಇಳಿಯುವುದು. ಆದರೆ ತನ್ನ ಪಂಪಿನ ವಾಷರೇ ಸವೆದಿರಬೇಕು ಎಂದುಕೊಂಡ.

"ಸೋರಿಕಿ ಏನೂ ಇಲ್ರೀ ಸಾಹುಕಾರ್ರ. ಡ್ರೈವರ್ ಕೂಲಂಟ್ ಹಾಕೂದು ಮರೀತಾನ, ಹಾಕೀನಿ ಅಂತ ಸುಳ್ಳು ಹೇಳ್ತಾನ" ಎಂದು ತೀರ್ಪು ಕೊಟ್ಟ.

ಡ್ರೈವರ್ ಅಂಬಣ್ಣ ಅಲ್ಲೇ ನಿಂತಿದ್ದ. ಹನ್ನೊಂದು ವರ್ಷದ ಕೆಲಸ ಅವತ್ತೇ ಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ಅದೇ ಕಾರು ಮತ್ತೆ ಬಂದಿದೆ. ಹೊಸ ಡ್ರೈವರ್ ಕನಕರಾಜ ಹೇಳಿದ: "ದಿನಾ ಮುಂಜಾನಿ ಸಾಹುಕಾರ್ರು ತಾವೇ ಮುಂದ ನಿಂತು ಕೂಲಂಟ್ ಹಾಕಸ್ತಾರ್ರೀ. ಆದ್ರೂ ಕಡಿಮಿ ಆಗಾಕತ್ತದ."

ದುರುಗೇಶ ಪಂಪಿಗೆ ಹೊಸ ವಾಷರ್ ಹಾಕಿ, ತಣ್ಣಗಿದ್ದ ಎಂಜಿನ್ನಿಗೆ ಒತ್ತಡ ಕೊಟ್ಟು, ಈ ಸಲ ಒಂದು ತಾಸು ಹಾಗೇ ಬಿಟ್ಟ. ಮುಳ್ಳು ಹದಿನೈದರಿಂದ ಒಂಬತ್ತಕ್ಕೆ ಇಳಿಯಿತು. ನೆಲ ಮಾತ್ರ ಒಣಗಿಯೇ ಇತ್ತು. ಹೊರಗೆ ಬಾರದ್ದು ಒಳಗೇ ಇರಬೇಕಲ್ಲ ಎಂದು ಮುಂದಿನ ಬಾಗಿಲು ತೆರೆದ. ಒಂಥರಾ ಸಿಹಿ ವಾಸನೆ. ಸಾಹುಕಾರರು ಹಾಸಿಸಿದ್ದ ದಪ್ಪ ಜಮಖಾನೆ ಎತ್ತಿ ಅದರಡಿಯ ಕಾರ್ಪೆಟ್ ಒತ್ತಿದರೆ ಹಸಿರು ನೀರು ಬೆರಳಿಗೆ ಅಂಟಿತು.

ಡ್ಯಾಶ್‌ಬೋರ್ಡಿನ ಹಿಂದಿನ ಹೀಟರ್ ಸೋರುತ್ತಿತ್ತು. ರಾಯಚೂರಿನ ಬಿಸಿಲಲ್ಲಿ ಕಾರಿನ ಹೀಟರ್ ಹಚ್ಚುವ ಪುಣ್ಯಾತ್ಮ ಯಾರು? ಆ ಗುಂಡಿ ತಿರುವಿದವರನ್ನು ದುರುಗೇಶ ಕಂಡೇ ಇರಲಿಲ್ಲ. ಕಾರಿಗೆ ಹೀಟರ್ ಇರುತ್ತದೆ ಎನ್ನುವುದನ್ನೇ ಮರೆತಿದ್ದ. ಹಚ್ಚಲಿ ಬಿಡಲಿ, ಎಂಜಿನ್ನಿನ ನೀರು ಅದರೊಳಗೂ ಹರಿಯುತ್ತಲೇ ಇರುತ್ತದೆ.

ಹೀಟರಿಗೆ ಹೋಗುವ ಎರಡು ಪೈಪು ಕಿತ್ತು, ನೀರು ಅದರೊಳಗೆ ಹೋಗದಂತೆ ಒಂದಕ್ಕೊಂದು ಕೂಡಿಸಿದ. ಮತ್ತೆ ಒತ್ತಡ ಕೊಟ್ಟಾಗ ಮುಳ್ಳು ಅಲುಗಲಿಲ್ಲ. ಹಳೇ ಪೈಪು ಬದಲಿಸಿದೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಮನಸ್ಸು ಒಪ್ಪಬೇಕಲ್ಲ. ಸಾಹುಕಾರರಿಗೆ ಫೋನ್ ಹಚ್ಚಿ ಇದ್ದದ್ದು ಇದ್ದ ಹಾಗೆ ಹೇಳಿದ. ಅವರು "ಅಂಬಣ್ಣಗ ಬರಾಕ ಹೇಳು" ಎಂದರು.

ಮಧ್ಯಾಹ್ನವೇ ದುರುಗೇಶ ಬೈಕ್ ಹತ್ತಿ ಅಂಬಣ್ಣನ ಊರಾದ ದೇವದುರ್ಗದ ಕಡೆಯ ಮಸರಕಲ್‌ಗೆ ಹೋದ. ಅಂಬಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಎಲ್ಲ ಕೇಳಿಸಿಕೊಂಡ, ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ದುರುಗೇಶನಿಗೆ.

"ತಪ್ಪು ನಂದು ಅಂಬಣ್ಣ. ಸಾಹುಕಾರ್ರು ಕರದಾರ."

"ನನಗೇನು ಹೇಳ್ತೀರಿ. ನಾ ಹಾಕಿದ್ದು ನನಗ ಗೊತ್ತದ" ಎಂದು ಅಂಬಣ್ಣ ಅಡುಗೆಮನೆಯ ಕಡೆ ನೋಡಿದ. "ಒಳಗ ನನ್ನ ಹೆಂಡ್ತಿ ಯಶೋದಾ ಅದಾಳ. ಆಕೀನೂ ನಿಮ್ಮ ಮಾತೇ ನಂಬ್ಯಾಳ. ಆಕಿಗೆ ಹೇಳ್ರಿ."