ಬದರಿಯಿಂದ ಕೇದಾರಕ್ಕೆ

ಗಂಗಾಧರಯ್ಯನವರ ಬಳಿ ರಸ್ತೆ ತೋರಿಸುವ ನಕ್ಷೆ ಇರಲಿಲ್ಲ. ಬಳೇಪೇಟೆಯ ತಮ್ಮ ಬಳೆ ಅಂಗಡಿಯಲ್ಲಿ ಕೂತು, ಮೊಮ್ಮಗಳ ಅಟ್ಲಾಸಿನ ಮೇಲೆ ದಾರ ಹಿಡಿದು, ಬದರಿಯಿಂದ ಕೇದಾರಕ್ಕೆ ನಲವತ್ತು ಕಿಲೋಮೀಟರ್ ಎಂದು ಅಳೆದರು.

“ವಿಮಾನ ಇದ್ದಿದ್ರೆ ಹತ್ತು ನಿಮಿಷ ಕಣೇ. ಬಸ್ಸಲ್ಲಿ ಎರಡು ಗಂಟೆ,” ಎಂದರು ಹೆಂಡತಿಗೆ.

ಮಂಡಿ ಸವೆದ ಸರ್ವಮಂಗಳಾಗೆ ಇದು ಕೊನೆಯ ಯಾತ್ರೆ; ಆಕೆಗೆ ಬೇಕಿದ್ದುದು ಕೇದಾರವೊಂದೇ. ದೀಪಾವಳಿ ಕಳೆದರೆ ಆ ಗುಡಿ ಆರು ತಿಂಗಳು ಮುಚ್ಚುತ್ತದೆ. ಮುಚ್ಚುವ ಹಿಂದಿನ ದಿನ ಮಧ್ಯಾಹ್ನ ಅವರು ಬದರಿಯಲ್ಲಿ ಬಸ್ಸು ಹತ್ತಿದರು.

ಬೆಟ್ಟ ಸುತ್ತಿ ಇನ್ನೂರಿಪ್ಪತ್ತು ಕಿಲೋಮೀಟರ್, ಆಮೇಲೆ ಹದಿನಾಲ್ಕು ನಡಿಗೆ ಎಂದು ಕಂಡಕ್ಟರ್ ಹೇಳಿದ.

“ನಿಮ್ಮ ದಾರಕ್ಕೆ ಬೆಟ್ಟ ಅಡ್ಡ ಬರ್ಲಿಲ್ವೇನ್ರೀ?” ಎಂದರು ಸರ್ವಮಂಗಳಾ.

ಮರುದಿನ ಆಕೆಯನ್ನು ಹೊತ್ತ ಡೋಲಿ ಗುಡಿ ತಲುಪಿದಾಗ, ಬೆಳಿಗ್ಗೆಯೇ ಬಾಗಿಲು ಮುಚ್ಚಿ ಏಳು ತಾಸು ಕಳೆದಿತ್ತು. ತಪ್ಪಿದ್ದು ಒಂದು ದರ್ಶನ.