ಬಳೆ ಇಡಿಸುವ ದಿನ

ಪಣಜಿಯ ಆ ಕಚೇರಿಯಲ್ಲೇ ಅರ್ಧ ದಿನ ಹೋಗಿತ್ತು. ಅತ್ತ ಕೊರ್ತಾಲಿಮ್‌ನಲ್ಲಿ ಕೊತ್ತಂಬರಿ, ಮೆಂತ್ಯ ಎಲ್ಲ ಬಾಡುತ್ತಿರುತ್ತವೆ ಎಂದು ಕಾಯಿಪಲ್ಲೆ ಮಾರುವ ಲಾಲಬಿಯ ಜೀವ ಚಡಪಡಿಸುತ್ತಿತ್ತು.

ಎದುರಿಗೆ ಧಾರವಾಡದ ಪ್ರತಿಮಾ. ಎಚ್‌ಐವಿ ಇರುವ ಹರೆಯದ ಮಕ್ಕಳನ್ನು ಜನ ಎಷ್ಟು ದೂರ ಇಡುತ್ತಾರೆಂದು ಅಳೆಯಲು ಕನ್ನಡದಲ್ಲಿ ಪ್ರಶ್ನೆ ಸಿದ್ಧಮಾಡುವುದು ಅವಳ ಕೆಲಸ. ಇವತ್ತು ಉತ್ತರ ಬೇಡ, ಪ್ರಶ್ನೆ ತಿಳಿಯಿತೋ ಇಲ್ಲವೋ ಹೇಳಿದರೆ ಸಾಕು ಎಂದಿದ್ದಳು. ತಿಳಿಯದೆ ಏನು? ಅಕ್ಕ ತೀರಿಕೊಂಡಾಗ, ಹುಟ್ಟಿನಿಂದಲೇ ರೋಗ ಅಂಟಿದ್ದ ಅವಳ ಕೂಸು ಆರ್ಜೂವನ್ನು ಮನೆಗೆ ತಂದವಳು ಲಾಲಬಿ. ಯಾರಿಗೂ ಸುಳಿವು ಹತ್ತದಂತೆ, ಒಂದು ರಾತ್ರಿಯೂ ಗುಳಿಗೆ ತಪ್ಪದಂತೆ ಹದಿನೈದರ ಹುಡುಗಿಯನ್ನಾಗಿ ಮಾಡಿದ್ದಳು. ಇಂಥವಳಿಗೆ ಈಕೆ, ಮನೆಯಲ್ಲಿ ತಾಟು ಬೇರೆ ಇಡುತ್ತಾರೆಯೇ ಎಂದು ಓದಿ ಹೇಳುತ್ತಾಳೆ.

ಮುಂದಿನ ಪ್ರಶ್ನೆ, ಮದುವೆ ಹಬ್ಬಗಳಿಂದ ಯಾರಾದರೂ ದೂರ ಇಟ್ಟಿದ್ದಾರೆಯೇ ಎಂಬುದು. ತಿಳಿಯಿತು ಎಂದು ಲಾಲಬಿ ತಲೆಯಾಡಿಸಿದಳು.

"ಹೌದ್ರಿ, ಇಡಾಕತ್ತಾರ," ಎಂದಳು ಪಕ್ಕದಲ್ಲೇ ಕೂತಿದ್ದ ಆರ್ಜೂ.

ಉತ್ತರ ಬೇಡವೆಂದು ಪ್ರತಿಮಾ ನೆನಪಿಸಿದರೂ ಹುಡುಗಿ ನಿಲ್ಲಿಸದೆ ಚಿಕ್ಕಮ್ಮನತ್ತ ಬೆರಳು ಮಾಡಿದಳು. "ಬರೂ ವಾರ ಈ ಖಾಲಾನ ಮಗಂದು ಮದುವಿ ಐತ್ರಿ. ಎಲ್ಲಾ ಹುಡುಗ್ಯಾರೂ ಬಳಿ ಇಡಿಸ್ಕೊತಾರ. ಅವತ್ತ ನನ್ನ ವಾಳಪೈಗೆ ಕಳಸಾಕತ್ತಾರ, ಸುಲ್ತಾನಾ ಅತ್ತಿನ್ನ ಕರ್ಕೊಂಡು ಬಾ ಅಂತ. ಅತ್ತಿಗೆ ದಾರಿ ಗೊತ್ತಿಲ್ಲೇನ್ರಿ?"

ಲಾಲಬಿಯ ಮೈ ಉರಿಯಿತು. ಗಾಜಿನ ಬಳೆ. ಕೈ ಒತ್ತಿ ಏರಿಸುವಾಗ ಒಡೆದು ರಕ್ತ ಬಂದರೆ, ಬಳೆಗಾರ್ತಿ ಅದೇ ಕೈಯಲ್ಲಿ ಮುಂದಿನ ಹುಡುಗಿಯನ್ನು ಹಿಡಿದರೆ? ಗುಳಿಗೆಯಿಂದ ರಕ್ತದಲ್ಲಿ ರೋಗಾಣು ಕಾಣದಷ್ಟು ಇಳಿದಿದೆ, ಇಂಥದ್ದಕ್ಕೆಲ್ಲ ಹೆದರಬೇಡ ಎಂದು ಡಾಕ್ಟರು ಹೇಳಿದ್ದರು. ಹೇಳುತ್ತಾರೆ. ಮದುವೆ ಅವರ ಮನೆಯಲ್ಲಿಲ್ಲವಲ್ಲ.

"ಇಕಿನ್ನ ಎದಿಗೆ ಹಚ್ಚಿಕೊಂಡು ಬೆಳಸೇನಿ. ಅದಕ್ಕ ನಿಮ್ಮ ಹಾಳ್ಯಾಗ ಯಾವ ಪ್ರಶ್ನಿ ಐತ್ರಿ, ಅಕ್ಕಾರ?"

ಪ್ರತಿಮಾ ಹಾಳೆ ತಿರುವಿ ನೋಡಿ, ಇಲ್ಲ ಎಂದಳು. ಹೆದರಿ ದೂರ ಇಟ್ಟರೂ, ಹೇಸಿ ದೂರ ಇಟ್ಟರೂ ಲೆಕ್ಕ ಒಂದೇ ಅಂತೆ. ಅಳೆಯುವುದು ಮಕ್ಕಳಿಗೆ ಏನಾಯಿತು ಎಂಬುದನ್ನಂತೆ.

ಬಸ್ಸಿನಲ್ಲಿ ಆರ್ಜೂ ಕಿಟಕಿಯತ್ತ ಮುಖ ತಿರುಗಿಸಿ ಕೂತಳು. ಅತ್ತಿದ್ದರೆ ಬೈಯಬಹುದಿತ್ತು, ಬೈದು ಹಗುರಾಗಬಹುದಿತ್ತು. ಸುಮ್ಮನೆ ಕೂತವಳನ್ನು ಏನು ಮಾಡುವುದು? ಅವಳ ಅಮ್ಮನೂ ಕೊನೆಕೊನೆಗೆ ಹೀಗೆಯೇ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಲಾಲಬಿ ತಡೆಯಲಾರದೆ ಫೋನ್ ತೆಗೆದು ವಾಳಪೈಯ ನಾದಿನಿಗೆ ಹಚ್ಚಿದಳು.

"ಸುಲ್ತಾನಾ, ಆರ್ಜೂ ಬರೂದಿಲ್ಲ. ನೀನ ಬಸ್ ಹತ್ತಿ ಬಾ. ಯಾಕಂದ್ರ? ಮದುವಿ ಮನಿ ಹುಡುಗಿ ಬಳಿ ಇಡಿಸ್ಕೊಬೇಕಲ್ಲ, ಅದಕ್ಕ."

ಫೋನ್ ಇಟ್ಟ ಮೇಲೂ ಹುಡುಗಿ ಈಚೆ ತಿರುಗಲಿಲ್ಲ. "ಹಸರ ಬಳಿ," ಎಂದಳು ಕಿಟಕಿಗೆ. "ಕೈ ತುಂಬ."

ಕೈ ತುಂಬ ಬೇಕಂತೆ. ಅಂದರೆ ಅವತ್ತು ಅಡುಗೆ, ಬೀಗರು ಎಲ್ಲ ಬಿಟ್ಟು ಬಳೆಗಾರ್ತಿಯ ಮಗ್ಗುಲಲ್ಲಿ ಕೂರಬೇಕು. ಪ್ರತಿಯೊಂದು ಬಳೆ ಏರುವವರೆಗೂ ಉಸಿರು ಬಿಗಿಹಿಡಿಯಬೇಕು.

"ದೀಡ ಶಾಣ್ಯಾಕಿ, ಅತಿ ಜಾಣಿ," ಎಂದು ಗೊಣಗಿ ಲಾಲಬಿ ಹುಡುಗಿಯ ಮಣಿಕಟ್ಟು ಹಿಡಿದು, ಯಾವ ಅಳತೆಯ ಬಳೆ ಬೇಕಾದೀತೆಂದು ಬೆರಳಿನಲ್ಲಿ ಸುತ್ತಿ ನೋಡಿದಳು.